ಅಪ್‌ಡೇಟ್: ಒಂದೇ ಇಮೇಲ್‌ಗೆ ಎರಡು ನೋಡ್ ಹುಟ್ಟುತ್ತಿದ್ದದ್ದು ನಿಂತಿತು

ನಾನು ಕೇಳಿದ್ದ ಪ್ರಶ್ನೆ ಇಷ್ಟು: ನಿಯೋಫೋರ್‌ಜೆ ಎಂಬ ಗ್ರಾಫ್ ಡೇಟಾಬೇಸ್‌ನಲ್ಲಿ ಎರಡು ರಿಕ್ವೆಸ್ಟ್ ಒಟ್ಟಿಗೆ ಬಂದಾಗ, ಮರ್ಜ್ (ಇದ್ದರೆ ಹುಡುಕಿ ಕೊಡುವ, ಇಲ್ಲದಿದ್ದರೆ ಸೃಷ್ಟಿಸುವ ಆಜ್ಞೆ) ಬಳಸಿದರೂ ಒಂದೇ ಇಮೇಲ್‌ಗೆ ಎರಡು ಯೂಸರ್ ನೋಡ್ (ದಾಖಲೆ) ಏಕೆ?

ಯೂನಿಕ್ ಕನ್‌ಸ್ಟ್ರೇಂಟ್ (ಒಂದು ಇಮೇಲ್‌ಗೆ ಒಂದೇ ನೋಡ್ ಎಂಬ ನಿಯಮ) ಹಾಕಿ ಎಂದವರಿಗೆಲ್ಲ ಧನ್ಯವಾದ, ಪರಿಹಾರ ಅದೇ. ಅದಿಲ್ಲದಿದ್ದರೆ, ಒಂದು ಟ್ರಾನ್ಸಾಕ್ಷನ್ (ಒಂದು ರಿಕ್ವೆಸ್ಟ್‌ನ ಓದುವ-ಬರೆಯುವ ಕೆಲಸ) ಇನ್ನೂ ಕಮಿಟ್ ಮಾಡದ, ಅಂದರೆ ಖಾಯಂ ಆಗಿ ಉಳಿಸದ ನೋಡ್ ಇನ್ನೊಂದಕ್ಕೆ ಕಾಣುವುದಿಲ್ಲ. ತಡೆಯಲು ಲಾಕೂ ಇಲ್ಲ. ಎರಡೂ ಹುಡುಕಿ, ಸಿಗದೆ, ಎರಡೂ ಬರೆಯುತ್ತವೆ. ಕನ್‌ಸ್ಟ್ರೇಂಟ್ ಇದ್ದರೆ ಆ ಇಮೇಲ್‌ನ ಇಂಡೆಕ್ಸ್ (ಹುಡುಕುವ ಸೂಚಿ) ನಮೂದಿಗೇ ಲಾಕ್ ಬೀಳುತ್ತದೆ. ಎರಡನೆಯದು ಕಾದು, ಮೊದಲನೆಯದು ಬರೆದ ನೋಡನ್ನೇ ಪಡೆಯುತ್ತದೆ.

ಹಳೆಯ ಡೂಪ್ಲಿಕೇಟ್ ಉಳಿದಿದ್ದರೆ ಕನ್‌ಸ್ಟ್ರೇಂಟ್ ಹಾಕಲು ಬಿಡುವುದಿಲ್ಲ, ಮೊದಲು ಅವನ್ನು ಒಂದಾಗಿಸಿ.

ಮರ್ಜ್ ಒಳಗೆ ಇಮೇಲ್ ಮಾತ್ರ ಇರಲಿ, ಅದೂ ಸಣ್ಣಕ್ಷರಕ್ಕೆ ತಿರುಗಿಸಿದ ಮೇಲೆ. ಹೆಸರು, ಊರು ಇತ್ಯಾದಿ, ನೋಡ್ ಹೊಸದಾಗಿ ಹುಟ್ಟಿದಾಗ ಮಾತ್ರ ನಡೆಯುವ ಆನ್ ಕ್ರಿಯೇಟ್ ಸೆಟ್‌ಗೆ ಹೋಗಲಿ. ಹೆಸರನ್ನೂ ಮರ್ಜ್‌ನಲ್ಲೇ ಸೇರಿಸಿದರೆ, ಹೆಸರು ಬೇರೆಯಾದ ಕೂಡಲೇ ಅದು ಹೊಸ ನೋಡ್ ಸೃಷ್ಟಿಸಲು ಹೋಗಿ ಕನ್‌ಸ್ಟ್ರೇಂಟ್ ಎರರ್ ಕೊಡುತ್ತದೆ. ಎಷ್ಟೋ ಕೋಡ್‌ನಲ್ಲಿ ಎಡವುವುದು ಇಲ್ಲೇ.

ಇನ್ನು ಡೆಡ್‌ಲಾಕ್, ಅಂದರೆ ಎರಡು ಟ್ರಾನ್ಸಾಕ್ಷನ್ ಒಂದರ ಲಾಕ್‌ಗೆ ಇನ್ನೊಂದು ಕಾಯುತ್ತ ಸಿಕ್ಕಿಕೊಳ್ಳುವುದು. ಪ್ರತಿ ಬ್ಯಾಚ್‌ನ ಇಮೇಲ್‌ಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಿ ಕಳಿಸಿದರೆ ಬಹಳ ಕಡಿಮೆಯಾಗುತ್ತದೆ. ಬಂದರೂ, ಪೈಥಾನ್ ಡ್ರೈವರ್‌ನ (ಪೈಥಾನ್ ಕೋಡನ್ನು ನಿಯೋಫೋರ್‌ಜೆಗೆ ಜೋಡಿಸುವ ಲೈಬ್ರರಿಯ) ಎಕ್ಸಿಕ್ಯೂಟ್ ರೈಟ್, ನೀವು ಕೊಟ್ಟ ಫಂಕ್ಷನ್ನನ್ನು ಸುಮಾರು 30 ಸೆಕೆಂಡ್‌ವರೆಗೆ ತಾನೇ ಮತ್ತೆ ಮತ್ತೆ ನಡೆಸಿ ನೋಡುತ್ತದೆ. ಹಾಗಾಗಿ ಆ ಫಂಕ್ಷನ್ ಒಳಗೆ ಸ್ವಾಗತದ ಮೇಲ್ ಕಳಿಸುವಂಥ ಕೆಲಸ ಇಡಬೇಡಿ, ಒಬ್ಬರಿಗೇ ಎರಡೆರಡು ಹೋಗಬಹುದು.