ಅರವತ್ತು ಸಾವಿರಕ್ಕೆ ಗೇಮಿಂಗ್ ಪಿಸಿ: ಕಟ್ಟಿಸಿಕೊಂಡವರು ಹೇಳಿ

ಕೇಳಿದವರು, ದಾವಣಗೆರೆ
ತಮ್ಮ ಇಂಜಿನಿಯರಿಂಗ್ ಸೇರಿದ್ದಾನೆ. ಓದಿಗೂ ಆಟಕ್ಕೂ ಒದಗುವ ಕಂಪ್ಯೂಟರ್ ಕೊಡಿಸುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಕೈಯಲ್ಲಿರುವುದು 60,000 ರೂಪಾಯಿ. 1080ಪಿ ಮಾನಿಟರ್, ಕೀಬೋರ್ಡ್ ಮನೆಯಲ್ಲಿವೆ. ಅವನು ಆಡುವುದು ವ್ಯಾಲೊರಂಟ್, ಜಿಟಿಎ 5. ಇಲ್ಲಿನ ಅಂಗಡಿಯೊಂದರಲ್ಲಿ ‘ಐ7 ಗೇಮಿಂಗ್ ಪಿಸಿ, 4 ಜಿಬಿ ಗ್ರಾಫಿಕ್ಸ್’ ಎಂದು 35,000ಕ್ಕೆ ಕೊಟೇಶನ್ ಕೊಟ್ಟಿದ್ದಾರೆ. ಪ್ರೊಸೆಸರ್ ಐ7-3770, ಗ್ರಾಫಿಕ್ಸ್ ಕಾರ್ಡ್ ಜಿಟಿ 730. ಇಪ್ಪತ್ತೈದು ಸಾವಿರ ಉಳಿಯುತ್ತದಲ್ಲ ಎಂಬ ಆಸೆ. ತೆಗೆದುಕೊಳ್ಳಬಹುದೇ?

ಮೈಸೂರಿನಿಂದ
ದಯವಿಟ್ಟು ಬೇಡ. ಐ7 ಎಂಬ ಹೆಸರಿಗೆ ಮರುಳಾಗಬೇಡಿ, ಅದರ ಮುಂದಿನ ಸಂಖ್ಯೆಯನ್ನು ನೋಡಿ. 3770 ಎಂದರೆ ಮೂರನೇ ತಲೆಮಾರು, 2012ರ ಚಿಪ್. ವಿಂಡೋಸ್ 11 ಇಂಟೆಲ್‌ನ ಎಂಟನೇ ತಲೆಮಾರಿಗಿಂತ ಹಳೆಯದನ್ನು, ಕೆಲವೇ ಕೆಲವನ್ನು ಬಿಟ್ಟರೆ, ಅಧಿಕೃತವಾಗಿ ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್‌ಗೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯಗಳು ಬೇಕೇ ಬೇಕು. ಇನ್ನು ಜಿಟಿ 730ರ 4 ಜಿಬಿ: ಮೆಮೊರಿಯ ತೊಟ್ಟಿ ದೊಡ್ಡದು, ಅದರಿಂದ ಮಾಹಿತಿ ಹರಿಯುವ ಪೈಪು ಅರ್ಧ ಇಂಚಿನದು. ಎಷ್ಟು ತುಂಬಿದ್ದರೇನು, ನೀರು ಹರಿಯಬೇಕಲ್ಲ.

ನನ್ನ ಮಗನಿಗೆ ನಾನು ಕಟ್ಟಿಸಿದ್ದು ರೈಜೆನ್ 5 5600 ಪ್ರೊಸೆಸರ್, ಬಿ550 ಮದರ್‌ಬೋರ್ಡ್, 8 ಜಿಬಿಯ ಗ್ರಾಫಿಕ್ಸ್ ಕಾರ್ಡ್ ಆರ್‌ಎಕ್ಸ್ 6600. 1080ಪಿ ಪರದೆಗೆ ಅದು ಇಂದಿಗೂ ಸಾಕಾಗುತ್ತಿದೆ. ಮೊದಲು ಗ್ರಾಫಿಕ್ಸ್ ಕಾರ್ಡಿಗೆ ಹಣ ಎತ್ತಿಡಿ, ಒಟ್ಟು ಮೊತ್ತದ ಮೂರನೇ ಒಂದು ಭಾಗಕ್ಕೆ ಕಡಿಮೆಯಾಗದಂತೆ. ಉಳಿದದ್ದರಲ್ಲಿ ಬೇರೆಲ್ಲವೂ. ಬಣ್ಣದ ದೀಪದ ಫ್ಯಾನು, ಗಾಜಿನ ಕ್ಯಾಬಿನೆಟ್ಟು ಯಾವುದೂ ಆಟದ ವೇಗವನ್ನು ಹೆಚ್ಚಿಸುವುದಿಲ್ಲ. ಆರ್‌ಟಿಎಕ್ಸ್ 3060 ಸಿಕ್ಕರೆ ಡಬ್ಬಿಯ ಮೇಲೆ 12 ಜಿಬಿ ಎಂದಿದೆಯೇ ನೋಡಿಕೊಳ್ಳಿ. ಅದೇ ಹೆಸರಿನ 8 ಜಿಬಿ ಕಾರ್ಡಿನಲ್ಲಿ ಕಡಿಮೆಯಾಗಿರುವುದು ಮೆಮೊರಿ ಮಾತ್ರವಲ್ಲ, ವೇಗವೂ.

ತೀರ್ಥಹಳ್ಳಿಯಿಂದ
ಮೈಸೂರಿನವರು ಹೇಳಿದ್ದೆಲ್ಲ ಸರಿ. ಆದರೆ ‘ಬೇರೆಲ್ಲವೂ’ ಎಂಬ ಮಾತಿನಲ್ಲಿ ಎಸ್‌ಎಂಪಿಎಸ್ ಕೊಚ್ಚಿಹೋಗಬಾರದು. ಅದು ಎಲ್ಲ ಭಾಗಗಳಿಗೂ ಕರೆಂಟು ಒದಗಿಸುವ ಪೆಟ್ಟಿಗೆ. ನಾನು ನೊಂದದ್ದು ಅಲ್ಲೇ. ಕ್ಯಾಬಿನೆಟ್ಟಿನ ಜೊತೆಗೇ ಬಂದದ್ದನ್ನು ಹಾಕಿಸಿಕೊಂಡಿದ್ದೆ, ಮೇಲೆ ‘450 ವ್ಯಾಟ್’ ಎಂಬ ಚೀಟಿ ಇತ್ತು. ಆಷಾಢದ ಮಳೆಯಲ್ಲಿ ಒಂದು ಸಂಜೆ ಕರೆಂಟು ಮೂರು ಸಲ ಹೋಗಿ ಬಂತು. ಮೂರನೆಯ ಸಲಕ್ಕೆ ಟಪ್ ಎಂಬ ಸದ್ದು, ಕೋಣೆಯ ತುಂಬ ಸುಟ್ಟ ವಾಸನೆ. ರಿಪೇರಿಯವರು ಬಿಚ್ಚಿ ತೋರಿಸಿದಾಗ ಕೆಪಾಸಿಟರಿನ ನೆತ್ತಿ ಉಬ್ಬಿ ಒಡೆದು ಕಂದು ಅಂಟು ಹೊರಬಂದಿತ್ತು. ಮದರ್‌ಬೋರ್ಡೂ ಅದರೊಂದಿಗೇ ಹೋಯಿತು.

ಆಮೇಲೆ ಆ ಚೀಟಿಯನ್ನು ಪೂರ್ತಿ ಓದಿದೆ. 12 ವೋಲ್ಟಿನ ಎದುರು 16 ಆಂಪಿಯರ್ ಎಂದಿತ್ತು. ಗುಣಿಸಿ ನೋಡಿ: 192 ವ್ಯಾಟ್. ಪ್ರೊಸೆಸರ್, ಕಾರ್ಡ್ ಎರಡೂ ಬಹುಪಾಲು ಉಣ್ಣುವುದು ಈ 12 ವೋಲ್ಟಿನಿಂದಲೇ. ಆರ್‌ಎಕ್ಸ್ 6600 ಒಂದಕ್ಕೇ 132 ವ್ಯಾಟ್ ಬೇಕು. ಹೆಸರುವಾಸಿ ಕಂಪನಿಯ 550 ವ್ಯಾಟಿನದರಲ್ಲಿ ಈ ಸಾಲಿನಲ್ಲಿ 45 ಆಂಪಿಯರ್‌ನ ಆಸುಪಾಸು ಇರುತ್ತದೆ. ಕರೆಂಟು ಕಡಿಮೆ ಪೋಲಾಗುತ್ತದೆ ಎಂದು ಹೇಳುವ 80 ಪ್ಲಸ್ ಬ್ರಾಂಜ್ ಗುರುತು ಇರುವುದನ್ನೇ ಕೇಳಿ, ಆದರೆ ಚೀಟಿ ಓದದೆ ಹಣ ಎಣಿಸಬೇಡಿ. ಯುಪಿಎಸ್ ಕೊಳ್ಳುವಾಗಲೂ ವಿಎ ನೋಡಬೇಡಿ, ವ್ಯಾಟ್ ನೋಡಿ. 600 ವಿಎ ಎಂದಿರುವುದು ಸಾಮಾನ್ಯವಾಗಿ 360 ವ್ಯಾಟ್ ಮಾತ್ರ.

ಬೆಂಗಳೂರಿನಿಂದ
ಎಸ್.ಪಿ. ರಸ್ತೆಗೆ ಬರುವುದಾದರೆ ಬೆಳಿಗ್ಗೆಯೇ ಬನ್ನಿ, ಮೂರು ನಾಲ್ಕು ಅಂಗಡಿಗಳಲ್ಲಿ ಬಿಡಿ ಬಿಡಿಯಾಗಿ ಬೆಲೆ ಬರೆಸಿಕೊಳ್ಳಿ. ‘ಬಿಲ್ ಬೇಡ ಅಂದರೆ ಕಡಿಮೆ ಮಾಡುತ್ತೇವೆ’ ಎಂದವರಲ್ಲಿ ಕೊಳ್ಳಬೇಡಿ. ಜಿಎಸ್‌ಟಿ ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ, ವಾರಂಟಿಗೆ ಅಲೆಯುವಾಗ ಕೈಹಿಡಿಯುವುದು ಅದೊಂದೇ. 2025ರ ಕೊನೆಯಿಂದ ರ‍್ಯಾಮ್ ಬೆಲೆ ಜಿಗಿದಿರುವುದರಿಂದ ಹಳೆಯ ಲೆಕ್ಕಗಳನ್ನು ನಂಬಬೇಡಿ. ಹಣ ಸಾಲದಿದ್ದರೆ ಗ್ರಾಫಿಕ್ಸ್ ಒಳಗೇ ಇರುವ ರೈಜೆನ್ 5 5600ಜಿ ಹಾಕಿಸಿ, ಕಾರ್ಡನ್ನು ಮುಂದಿನ ವರ್ಷಕ್ಕೆ ಬಿಡಿ. ವ್ಯಾಲೊರಂಟ್ ಅದರಲ್ಲೂ ಆಡಬಹುದು.

ಬೆಳಗಾವಿ ಹಾಸ್ಟೆಲಿನಿಂದ
ಅಕ್ಕ, ತಮ್ಮನಿಗೆ ಇದನ್ನು ಹೇಳಿ. ರ‍್ಯಾಮ್ 16 ಜಿಬಿಯ ಒಂದೇ ಕಡ್ಡಿ ಬೇಡ, ಎಂಟರ ಎರಡು ಇರಲಿ. ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ನಾಲ್ಕನೆಯದು. ಬಯೋಸ್‌ನಲ್ಲಿ ಎಕ್ಸ್‌ಎಂಪಿ ಎಂಬ ವೇಗದ ಸೆಟ್ಟಿಂಗ್ ಆನ್ ಮಾಡದಿದ್ದರೆ 3200ರ ರ‍್ಯಾಮ್ ಅದಕ್ಕಿಂತ ಕಡಿಮೆ ವೇಗದಲ್ಲೇ ಓಡುತ್ತಿರಬಹುದು. ಮಾನಿಟರ್ ಕೇಬಲನ್ನು ಮದರ್‌ಬೋರ್ಡಿಗಲ್ಲ, ಕಾರ್ಡಿಗೆ ಚುಚ್ಚಬೇಕು. 5600ರಲ್ಲಿ ಒಳಗೆ ಗ್ರಾಫಿಕ್ಸ್ ಇಲ್ಲ, ಬೋರ್ಡಿಗೆ ಚುಚ್ಚಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ನನ್ನ ರೂಮಿನವನು ಕಾರ್ಡ್ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗಲು ಹೊರಟಿದ್ದ.

ಕೇಳಿದವರು
ಎಲ್ಲರಿಗೂ ವಂದನೆ. ಆ ಅಂಗಡಿಗೆ ಬೇಡವೆಂದು ಹೇಳಿದೆ. ಮನೆಯಲ್ಲಿ ಹಳೆಯ ಕಂಪ್ಯೂಟರಿನ ಕ್ಯಾಬಿನೆಟ್ ಇದೆ, ಎಸ್‌ಎಂಪಿಎಸ್ ಕೂಡ ಅದರಲ್ಲೇ ಇದೆ. ಬಳಸಬಹುದೇ?

ತೀರ್ಥಹಳ್ಳಿಯಿಂದ
ಕ್ಯಾಬಿನೆಟ್ ಧಾರಾಳವಾಗಿ ಬಳಸಿ. ಹೊಸ ಬೋರ್ಡೂ ಕಾರ್ಡಿನ ಉದ್ದವೂ ಹಿಡಿಸುತ್ತವೆಯೇ ಅಳೆದುಕೊಳ್ಳಿ, ಮುಂದೆ ಒಂದು ಫ್ಯಾನ್ ಹಾಕಿಸಿ. ಎಸ್‌ಎಂಪಿಎಸ್ ಮಾತ್ರ ಬಿಚ್ಚಿಸಿ ಹೊಸದನ್ನೇ ಕೂಡಿಸಿ.