ವಿನ್ಸೆಂಟ್ ಓಬ್ರಿಯನ್: ಗೆಲ್ಲಿಸಿದ್ದು ಮಾಲೀಕರ ಹಣವೋ, ತರಬೇತುದಾರನ ಕಣ್ಣೋ?

ಪ್ರಶ್ನೆ

ಐರ್ಲೆಂಡಿನ ರೇಸ್‌ಕುದುರೆ ತರಬೇತುದಾರ ವಿನ್ಸೆಂಟ್ ಓಬ್ರಿಯನ್ (1917–2009) ಅವರ ಬಗ್ಗೆ ಕೆಲವು ದಿನಗಳಿಂದ ಓದುತ್ತಿದ್ದೇನೆ. 1953, 1954 ಮತ್ತು 1955ರಲ್ಲಿ ಮೂರು ಬೇರೆ ಬೇರೆ ಕುದುರೆಗಳಿಂದ ಗ್ರ್ಯಾಂಡ್ ನ್ಯಾಷನಲ್ ಗೆದ್ದು, ಆಮೇಲೆ ಬೇಲಿ ಹಾರುವ ಓಟಗಳನ್ನೇ ಬಿಟ್ಟು, 1962ರಿಂದ 1982ರೊಳಗೆ ಎಪ್ಸಮ್ ಡರ್ಬಿಯನ್ನು ಆರು ಸಲ ಗೆದ್ದವರು ಅವರು. ಒಂದು ಸುಮಾರು ಏಳು ಕಿಲೋಮೀಟರಿನ, ಮೂವತ್ತು ಅಡೆತಡೆಗಳ ಓಟ. ಇನ್ನೊಂದು ಮೂರು ವರ್ಷದ ಎಳೆಯ ಕುದುರೆಗಳು ಒಂದೂವರೆ ಮೈಲಿಯನ್ನು ಒಂದೇ ಉಸಿರಿಗೆ ಓಡಿ ಮುಗಿಸುವ ಓಟ. ಆದರೆ ಕುದುರೆಗಳ ವಿಷಯ ಬಲ್ಲ ನನ್ನ ಸ್ನೇಹಿತರೊಬ್ಬರು, ರಾಬರ್ಟ್ ಸ್ಯಾಂಗ್‌ಸ್ಟರ್ ಅವರಂಥ ಶ್ರೀಮಂತ ಮಾಲೀಕರು ಬೆನ್ನಿಗಿದ್ದರೆ ಯಾರು ಬೇಕಾದರೂ ಗೆಲ್ಲುತ್ತಿದ್ದರು ಎನ್ನುತ್ತಾರೆ. ಒಳ್ಳೆಯ ತಳಿಯ ಕುದುರೆ ಲಾಯಕ್ಕೆ ಬಂದ ಮೇಲೆ ತರಬೇತುದಾರನಿಗೆ ಮಾಡುವುದಕ್ಕೆ ಉಳಿಯುವುದಾದರೂ ಏನು?

ಉತ್ತರ

ನಿಮ್ಮ ಸ್ನೇಹಿತರು ಕತೆಯನ್ನು ನಡುವಿನಿಂದ ಓದಿದ್ದಾರೆ. ಸ್ಯಾಂಗ್‌ಸ್ಟರ್ ಜೊತೆಗೂಡಿದ್ದು 1970ರ ದಶಕದಲ್ಲಿ. ಕಾರ್ಕ್ ಕೌಂಟಿಯ ಚರ್ಚ್‌ಟೌನಿನಲ್ಲಿ ಓಬ್ರಿಯನ್ ಸ್ವಂತವಾಗಿ ಕೆಲಸ ಶುರು ಮಾಡಿದ್ದು ತಂದೆ 1943ರಲ್ಲಿ ತೀರಿಕೊಂಡ ಮೇಲೆ, ಕೈಯಲ್ಲಿ ಹೇಳಿಕೊಳ್ಳುವಂಥ ಬಂಡವಾಳವೇ ಇಲ್ಲದಾಗ. ಆಗ ಅವರಿಗೆ ಸಿಕ್ಕಿದ್ದು ಬೇರೆಯವರು ಬೇಡವೆಂದ ಕುದುರೆಗಳು. ಕಾಟೇಜ್ ರೇಕ್‌ನ ಉಸಿರಾಟದಲ್ಲಿ ದೋಷವಿದೆ ಎಂದು ಪಶುವೈದ್ಯರು ಹೇಳಿದ್ದರಿಂದ ಅದರ ಮಾರಾಟ ಮುರಿದುಬಿದ್ದಿತ್ತು. ಅದೇ ಕುದುರೆ 1948ರಿಂದ ಮೂರು ವರ್ಷ ಸತತವಾಗಿ ಚೆಲ್ಟನಮ್ ಗೋಲ್ಡ್ ಕಪ್ ಗೆದ್ದಿತು. ಹ್ಯಾಟನ್ಸ್ ಗ್ರೇಸ್ ಇನ್ನೂ ದೊಡ್ಡ ಸಾಕ್ಷಿ. ಒಂದು ವರ್ಷದ ಮರಿಯಾಗಿದ್ದಾಗ ಅದು ಬರೀ 18 ಗಿನಿಗೆ ಮಾರಾಟವಾಗಿತ್ತು, ನೋಡುವುದಕ್ಕೂ ಸಣಕಲು. ಓಬ್ರಿಯನ್ ಕೈಗೆ ಬರುವಷ್ಟರಲ್ಲಿ ವಯಸ್ಸಾಗಿದ್ದ ಆ ಕುದುರೆ, ಒಂಬತ್ತು, ಹತ್ತು, ಹನ್ನೊಂದನೆಯ ವಯಸ್ಸಿನಲ್ಲಿ, ಅಂದರೆ 1949, 1950 ಮತ್ತು 1951ರಲ್ಲಿ, ಚಾಂಪಿಯನ್ ಹರ್ಡಲ್ ಎಂಬ ಬೇಲಿ ಹಾರುವ ಓಟವನ್ನು ಗೆದ್ದಿತು. ಇದರಲ್ಲಿ ಹಣದ ಪಾಲು ಎಲ್ಲಿದೆ ಎಂದು ನಿಮ್ಮ ಸ್ನೇಹಿತರನ್ನೇ ಕೇಳಿ.

ಮತ್ತೊಂದು ಉತ್ತರ

ತರಬೇತುದಾರನಿಗೆ ಮಾಡುವುದಕ್ಕೆ ಏನು ಉಳಿಯುತ್ತದೆ ಎಂಬ ಪ್ರಶ್ನೆಗೆ ನಿಜಿನ್‌ಸ್ಕಿ ಎಂಬ ಕುದುರೆಯ ಕತೆಗಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ. 1968ರಲ್ಲಿ ಚಾರ್ಲ್ಸ್ ಎಂಗಲ್‌ಹಾರ್ಡ್ ಎಂಬ ಮಾಲೀಕರು ಓಬ್ರಿಯನ್ ಅವರನ್ನು ಕೆನಡಾಕ್ಕೆ ಕಳಿಸಿದ್ದು ರಿಬೋ ಎಂಬ ಕುದುರೆಯ ಮರಿಯನ್ನು ನೋಡಿಬರಲು. ಅದು ಅವರಿಗೆ ಹಿಡಿಸಲಿಲ್ಲ. ಅದೇ ಫಾರಂನಲ್ಲಿದ್ದ ನಾರ್ದರ್ನ್ ಡ್ಯಾನ್ಸರ್‌ನ ಮರಿಯೊಂದು ಕಣ್ಣಿಗೆ ಬಿತ್ತು, ಅದನ್ನು ಕೊಳ್ಳುವಂತೆ ಹೇಳಿದರು. ಬೆಲೆ 84,000 ಡಾಲರ್. ಅದೇ ನಿಜಿನ್‌ಸ್ಕಿ.

ಆ ಮರಿ ಟಿಪರೇರಿಯಲ್ಲಿದ್ದ ಓಬ್ರಿಯನ್ ಅವರ ಬ್ಯಾಲಿಡಾಯ್ಲ್ ಲಾಯಕ್ಕೆ ಬಂದಾಗ ಓಟ್ಸ್ ಮುಟ್ಟಲೇ ಇಲ್ಲ. ಕೆನಡಾದಲ್ಲಿ ಅದಕ್ಕೆ ಅಚ್ಚು ಹಾಕಿದ ಗುಳಿಗೆಯಂಥ ಮೇವಿನ ರೂಢಿಯಾಗಿತ್ತು. ಅಲ್ಲಿಂದ ಮೇವು ತರಿಸುವ ಏರ್ಪಾಡಾಯಿತು. ಅದು ಬಂದು ತಲುಪುವ ಹೊತ್ತಿಗೆ ಕುದುರೆ ತಾನಾಗಿಯೇ ಓಟ್ಸ್ ತಿನ್ನಲು ಶುರು ಮಾಡಿತ್ತು. ಸಿಡುಕು ಸ್ವಭಾವದ, ಬೇಗ ಬೆವರುವ ಕುದುರೆಯಾದ್ದರಿಂದ ಬಲವಂತ ಮಾಡಿದ್ದರೆ ಕೆಟ್ಟುಹೋಗುತ್ತಿತ್ತು ಎಂದೇ ನನ್ನ ನಂಬಿಕೆ. 1970ರ ಡರ್ಬಿಯ ಹಿಂದಿನ ದಿನ ಅದಕ್ಕೆ ಹೊಟ್ಟೆನೋವು ಕಾಣಿಸಿಕೊಂಡಿತು. ಓಟದ ನಿಯಮದ ಪ್ರಕಾರ ಔಷಧಿ ಕೊಡುವಂತಿರಲಿಲ್ಲ. ಹುಲ್ಲು, ತವುಡು ಮತ್ತು ಸೋಡಾ ಪುಡಿಯಲ್ಲೇ ನೋವು ಇಳಿಯುವುದನ್ನು ಕಾಯಬೇಕಾಯಿತು. ಮಾರನೆಯ ದಿನ ಲೆಸ್ಟರ್ ಪಿಗಟ್ ಸವಾರಿಯಲ್ಲಿ ಅದು ಗೆದ್ದಿತು. ಆ ವರ್ಷ ಟೂ ತೌಸಂಡ್ ಗಿನೀಸ್, ಡರ್ಬಿ, ಸೇಂಟ್ ಲೆಜರ್ ಮೂರನ್ನೂ ಗೆದ್ದು ತ್ರಿವಳಿ ಕಿರೀಟ ಪಡೆಯಿತು. 1935ರ ಬಾಹ್ರಮ್ ನಂತರ ಅದನ್ನು ಪಡೆದ ಮೊದಲ ಕುದುರೆ ಅದೇ. ಅದಾದ ಮೇಲೆ ಇನ್ನೊಂದು ಬಂದಿಲ್ಲ.

ಆದರೆ ಇಲ್ಲೊಂದು ಮಾತನ್ನು ಮುಚ್ಚಿಡಬಾರದು. ಬೇಸಿಗೆಯ ಕೊನೆಗೆ ಚರ್ಮರೋಗದಿಂದ ಕೂದಲು ಉದುರಿ ಸೊರಗಿದ್ದ ಕುದುರೆಯನ್ನು ಸೇಂಟ್ ಲೆಜರ್‌ನಂಥ ದೀರ್ಘ ಓಟಕ್ಕೆ ಇಳಿಸಿದ್ದು ತಪ್ಪೆಂದೇ ನನಗೆ ಅನ್ನಿಸುತ್ತದೆ. ಮುಂದಿನ ತಿಂಗಳು ಪ್ಯಾರಿಸ್ಸಿನ ಆರ್ಕ್ ಓಟದಲ್ಲಿ ಅದು ಸಸಾಫ್ರಾಸ್ ಎದುರು ತಲೆಯಷ್ಟು ಅಂತರದಲ್ಲಿ ಸೋತಿತು.

ಮತ್ತೊಂದು ಉತ್ತರ

1960ರ ಶಾಮೂರ್ ಪ್ರಕರಣವನ್ನೂ ಸೇರಿಸಬೇಕು. ಆ ಕುದುರೆಯ ಪರೀಕ್ಷೆಯಲ್ಲಿ ಉತ್ತೇಜಕದ ಅಂಶ ಅತ್ಯಲ್ಪ ಪ್ರಮಾಣದಲ್ಲಿ ಕಂಡಿತೆಂದು ಓಬ್ರಿಯನ್ ಅವರ ಪರವಾನಗಿಯನ್ನೇ ಕಿತ್ತುಕೊಳ್ಳಲಾಯಿತು. ಯಾರು ಕೊಟ್ಟರೆಂಬುದು ತಿಳಿಯದಿದ್ದರೂ ಹೊಣೆ ತರಬೇತುದಾರನದೇ ಎಂಬುದು ಅಂದಿನ ಕಟ್ಟಳೆ. ಅವರ ಸಹೋದರ ಫಾನ್ಸಿಯ ಹೆಸರಿನಲ್ಲಿ ಲಾಯ ನಡೆಯಿತು. ಅದೇ ಬೇಸಿಗೆಯಲ್ಲಿ ಶಾಮೂರ್ ಐರಿಷ್ ಡರ್ಬಿ ಗೆದ್ದಾಗ, ಮೈದಾನದಲ್ಲಿದ್ದ ಜನ ಬರಲಾಗದ ಓಬ್ರಿಯನ್ ಹೆಸರನ್ನು ಕೂಗಿದರು. ಮರುವರ್ಷ ಅವರು ಕೆಲಸಕ್ಕೆ ಮರಳಿದರು, 1962ರಲ್ಲಿ ಲಾರ್ಕ್‌ಸ್ಪರ್ ಮೂಲಕ ಮೊದಲ ಎಪ್ಸಮ್ ಡರ್ಬಿ ಬಂತು. ಇಷ್ಟು ಪೆಟ್ಟು ತಿಂದ ಮನುಷ್ಯನ ಬದುಕನ್ನು ಮಾಲೀಕರ ಹಣದ ಲೆಕ್ಕಕ್ಕೆ ಇಳಿಸುವುದು ನನಗೆ ಅನ್ಯಾಯವೆನ್ನಿಸುತ್ತದೆ.

ಪ್ರಶ್ನೆ ಕೇಳಿದವರು

ಹ್ಯಾಟನ್ಸ್ ಗ್ರೇಸ್ ವಿಷಯ ನನಗೆ ಗೊತ್ತೇ ಇರಲಿಲ್ಲ, ವಂದನೆಗಳು. ಆದರೂ ಸ್ಯಾಂಗ್‌ಸ್ಟರ್ ಕಾಲದ ಗೆಲುವುಗಳಲ್ಲಿ ಹಣದ ಪಾಲು ದೊಡ್ಡದೇ ಅಲ್ಲವೇ?

ಉತ್ತರ

ದೊಡ್ಡದೇ, ಆದರೆ ಹಣವೊಂದೇ ಸಾಲುತ್ತಿರಲಿಲ್ಲ. ಸ್ಯಾಂಗ್‌ಸ್ಟರ್ ಅವರದೇ ಬಳಗ 1985ರಲ್ಲಿ ಕೀನ್‌ಲ್ಯಾಂಡ್ ಹರಾಜಿನಲ್ಲಿ ಸಿಯಾಟಲ್ ಡ್ಯಾನ್ಸರ್ ಎಂಬ ಮರಿಗೆ 131 ಲಕ್ಷ ಡಾಲರ್ ಕೊಟ್ಟಿತು. ಅದು ಡರ್ಬಿಯಂಥ ಒಂದು ಕ್ಲಾಸಿಕ್ ಓಟವನ್ನೂ ಗೆಲ್ಲಲಿಲ್ಲ. ಅದಕ್ಕೆ ಹತ್ತು ವರ್ಷ ಮೊದಲು ಎರಡು ಲಕ್ಷ ಡಾಲರಿಗೆ ಕೊಂಡಿದ್ದ ದಿ ಮಿನ್‌ಸ್ಟ್ರೆಲ್ ಡರ್ಬಿ ಗೆದ್ದಿತು. ಮುಖವೂ ನಾಲ್ಕು ಕಾಲೂ ಬಿಳುಪಾದ ಇಂಥ ಕುದುರೆಯನ್ನು ನಾವು ಪಂಚಕಲ್ಯಾಣಿ ಎಂದು ಶುಭವಾಗಿ ಕಾಣುತ್ತೇವೆ, ಇಂಗ್ಲೆಂಡಿನ ಹಳೆಯ ನಂಬಿಕೆಯಲ್ಲಿ ನಾಲ್ಕು ಬಿಳಿ ಕಾಲು ಒಳ್ಳೆಯದಲ್ಲ. ಓಬ್ರಿಯನ್ ಅದರ ಕಾಲಿನ ಬಣ್ಣಕ್ಕಿಂತ ಕಿವಿಯ ಕಡೆ ಹೆಚ್ಚು ಗಮನ ಕೊಟ್ಟರು. 1977ರ ಡರ್ಬಿಯ ದಿನ ಎಪ್ಸಮ್‌ನ ಜನಜಂಗುಳಿಯ ಗದ್ದಲಕ್ಕೆ ಅದು ಬೆದರಿ ಓಟಕ್ಕೆ ಮುನ್ನವೇ ಬಳಲೀತೆಂದು ಎರಡು ಕಿವಿಗೂ ಹತ್ತಿ ತುರುಕಿಸಿ, ಓಟ ಶುರುವಾಗುವ ಜಾಗ ಮುಟ್ಟಿದ ಮೇಲೆಯೇ ತೆಗೆಸಿದರು. ಹಾಟ್ ಗ್ರೋವ್ ಎಂಬ ಕುದುರೆಯನ್ನು ಅದು ಸೋಲಿಸಿದ್ದು ಕತ್ತಿನಷ್ಟು ಅಂತರದಲ್ಲಿ.