ತೋಟಾ ಒಳಗೆ ಕೂತರೆ ಸಾಕೇ?

ಕೆಜಿಎಫ್ ನಿವಾಸಿ: ತಾತನ ಕಾಲದ ವೆಬ್ಲಿ ಮಾರ್ಕ್ 6 ರಿವಾಲ್ವರ್ ಡೀಲರ್ ಹತ್ತಿರ ಡಿಪಾಸಿಟ್ ಇದೆ. ಮೂಲ ತೋಟಾ .455 (ಇಂಚಿನ ಲೆಕ್ಕದ ಅಳತೆ). ಸಿಲಿಂಡರಿನ (ತೋಟಾ ಕೂರುವ, ತಿರುಗುವ ಉರುಳೆ) ಹಿಂಬದಿಯನ್ನು ಯಾರೋ ಹಿಂದೆಯೇ ಸವೆಸಿದ್ದಾರೆ. ಈಗ ತೋಟಾ ಹಿಡಿದಿಡುವ ಕ್ಲಿಪ್ ಹಾಕಿದರೆ .45 ಎಸಿಪಿ ಎಂಬ ಪಿಸ್ತೂಲಿನ ತೋಟಾ ಸಲೀಸಾಗಿ ಕೂರುತ್ತದಂತೆ. ಹೊಡೆಯಬಹುದು ಅಲ್ವಾ?

ಮಾಲೂರು ಗೌಡ: ಯಾಕಾಗಲ್ಲ? ಅಮೆರಿಕದಲ್ಲಿ ಇಂಥವನ್ನು ರಾಶಿ ರಾಶಿ ಮಾರಿದ್ದಾರೆ. ಸುಮ್ನೆ ಹೆದರಬೇಡಿ.

ಹಳೇ ಮಷಿನಿಸ್ಟ್, ತುಮಕೂರು: ಕೂರುವುದು ಬೇರೆ, ತಡೆಯುವುದು ಬೇರೆ ಸ್ವಾಮಿ. .455ರ ಒತ್ತಡದ ಮಿತಿ ಚದರ ಇಂಚಿಗೆ ಸುಮಾರು 13,000 ಪೌಂಡ್. .45 ಎಸಿಪಿಯದು 21,000. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ಮೈಕ್ರೋಮೀಟರ್ ಹಿಡಿದೇ ತಲೆ ಬೆಳ್ಳಗಾದವನು ನಾನು, ಅದಕ್ಕೇ ಗೋಡೆ ದಪ್ಪ ಕೇಳುತ್ತೇನೆ. ಸಿಲಿಂಡರಿನ ಹೊರಮೈ ನೋಡಿ. ತಿರುಗುವ ಸಿಲಿಂಡರನ್ನು ತಡೆದು ನಿಲ್ಲಿಸಲು ಪ್ರತಿ ಚೇಂಬರಿಗೂ (ತೋಟಾ ಕೂರುವ ತೂತು) ಒಂದು ಕಚ್ಚು ಇರುತ್ತದೆ. ಆರು ಗುಂಡಿನದರಲ್ಲಿ ಅದು ಸಾಮಾನ್ಯವಾಗಿ ಚೇಂಬರಿನ ನೆತ್ತಿಯ ಮೇಲೇ ಬರುತ್ತದೆ. ಉಕ್ಕು ತೀರಾ ತೆಳುವಾಗಿರುವುದು ಅಲ್ಲೇ. ಅಮೆರಿಕದ ಬಂದೂಕು ಕಂಪನಿ ಫ್ರೀಡಂ ಆರ್ಮ್ಸ್‌ನವರು .454 ಕಸಲ್ ಎಂಬ ಭಾರೀ ಒತ್ತಡದ ತೋಟಾಕ್ಕೆ ಐದೇ ಚೇಂಬರ್ ಕೊರೆದರು. ಗೋಡೆ ದಪ್ಪ ಸಿಗುತ್ತದೆ, ಕಚ್ಚೂ ಪಕ್ಕಕ್ಕೆ ಸರಿಯುತ್ತದೆ.

ಚಿಂತಾಮಣಿ ಓದುಗ: ಆದರೆ ತಪ್ಪು ತೋಟಾ ಹೋಗದ ಹಾಗೆ ತಯಾರಕರೇ ಮಾಡಿರುತ್ತಾರಲ್ಲ? ಜೋರಾದ .357 ಮ್ಯಾಗ್ನಂ ತೋಟಾದ ಕೇಸ್ (ಲೋಹದ ಕೋಶ) ಮೆತ್ತಗಿನ .38 ಸ್ಪೆಷಲ್‌ಗಿಂತ 3 ಮಿ.ಮೀ.ಗೂ ಜಾಸ್ತಿ ಉದ್ದ. .38ರ ಚೇಂಬರಿಗೆ ಅದು ಪೂರ್ತಿ ಇಳಿಯುವುದಿಲ್ಲ.

ಹಳೇ ಮಷಿನಿಸ್ಟ್, ತುಮಕೂರು: ಸರಿ. ಆ ಅಡ್ಡಿ ಬೇಕೆಂದೇ ಇಟ್ಟಿದ್ದು. ಈ ವೆಬ್ಲಿಯಲ್ಲಿ ಇದ್ದ ಅಡ್ಡಿಯನ್ನೇ ಸವೆಸಿ ತೆಗೆದಿದ್ದಾರೆ! ಎಲ್ಲ ಕಡೆ ಅಡ್ಡಿ ಇರುವುದೂ ಇಲ್ಲ. .45 ಕೋಲ್ಟ್ ತೋಟಾ ಬಂದದ್ದು 1873ರಲ್ಲಿ, ಒತ್ತಡದ ಮಿತಿ 14,000. ಈಗಿನ ಗಟ್ಟಿ ರೂಗರ್ ಕಂಪನಿ ರಿವಾಲ್ವರ್‌ಗೆಂದೇ ತುಂಬಿದ ಜೋರು ತೋಟಾಕ್ಕೂ ಕೇಸ್ ಅದೇ ಅಳತೆ. ಹಳೇ ಕೋಲ್ಟ್ ರಿವಾಲ್ವರಿನಲ್ಲಿ ಸಲೀಸಾಗಿ ಕೂರುತ್ತದೆ.

ಮಾಲೂರು ಗೌಡ: ಮದ್ದು ಅರ್ಧ ಮಾಡಿ ತುಂಬಿದರಾಯಿತು.

ಮುಳಬಾಗಿಲು ರೈತ: ಅದು ಇನ್ನೂ ಫಜೀತಿ. ಮದ್ದು ತೀರಾ ಕಡಿಮೆಯಾದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಎರಡನೆಯದು ಹಿಂದಿನಿಂದ ಬಡಿದರೆ ನಳಿಗೆ ಊದುತ್ತದೆ, ಸೀಳಲೂಬಹುದು. ಲೈಸೆನ್ಸ್ ಇಲ್ಲದೆ ತೋಟಾ ತುಂಬುವುದು ಅಪರಾಧ ಬೇರೆ. ಸಾಲದ್ದಕ್ಕೆ .455 ನಮ್ಮಲ್ಲಿ ನಿಷೇಧಿತ ಬೋರ್ (ನಳಿಗೆ ಅಳತೆ).

ಮಾಲೂರು ಗೌಡ: ನೂರು ವರ್ಷ ಬಾಳಿದ ಉಕ್ಕು ರೀ ಅದು.

ಹಳೇ ಮಷಿನಿಸ್ಟ್, ತುಮಕೂರು: ಬಾಳಿದ್ದು 13,000ಕ್ಕೆ. ಕೆಜಿಎಫ್‌ನವರೇ, ಹೊಡೆಯುವ ಮಾತು ಬಿಡಿ. ಡೀಲರ್ ಹತ್ತಿರ ಹೋದಾಗ ಸಿಲಿಂಡರಿನ ಹಿಂಬದಿ ಫೋಟೋ ತೆಗೆದು ಹಾಕಿ. ಎಷ್ಟು ಸವೆಸಿದ್ದಾರೆ ನೋಡೋಣ.